ಹಳೆ ಜೀಪ್, ಜಿಪ್ಸಿ ಮನೆ ಶೆಡ್ಡಲ್ಲೇ ರೆಡಿ ಮಾಡೋದು: ಕೊಡಗಲ್ಲಿ ಪದೇ ಪದೇ ಕೇಳೋ ಪ್ರಶ್ನೆಗಳು

ಮಳೆ ಬಿಟ್ಟು ಕಾಫಿ ಕುಯ್ಲು ಹತ್ರ ಬರ್ತಿದ್ದ ಹಾಗೆ ಎಲ್ಲರಿಗೂ ಶೆಡ್ಡಲ್ಲಿ ನಿಂತಿರೋ ಜೀಪ್ ನೆನಪಾಗ್ತದೆ. ಮಡಿಕೇರಿ, ನಾಪೋಕ್ಲು, ಸೋಮವಾರಪೇಟೆ, ಪೊನ್ನಂಪೇಟೆ, ಎಲ್ಲಿಂದ ಕೇಳಿದ್ರೂ ಪ್ರಶ್ನೆ ಹೆಚ್ಚು ಕಮ್ಮಿ ಅವೇ. ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೀನಿ. ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಿ ಗಾಡಿ ಹಾಳಾಗೋದು ಬೆಟ್ಟ ಹತ್ತಿ ಅಲ್ಲ, ನೀರಲ್ಲಿ ಮತ್ತೆ ಸುಮ್ನೆ ನಿಂತು. ಕೆಳಗಿನ ಉತ್ತರ ಎಲ್ಲ ಆ ಲೆಕ್ಕದಲ್ಲೇ ಇರೋದು.

ತಾತನ ಕಾಲದ ಜೀಪ್ ಉಂಟು, ವರ್ಷಗಟ್ಟಲೆ ಓಡಿಲ್ಲ. ರೆಡಿ ಮಾಡ್ಲಾ, ಗುಜರಿಗೆ ಹಾಕ್ಲಾ?

ಮೂರು ವಿಷ್ಯ ನೋಡಿ ಸಾಕು. ಚಾಸಿ ಗಟ್ಟಿ ಉಂಟಾ, ಆರ್‌ಸಿ ಕೈಯಲ್ಲಿ ಉಂಟಾ, ಚಾಸಿ ನಂಬರೂ ಇಂಜಿನ್ ನಂಬರೂ ಆರ್‌ಸಿಗೆ ಮ್ಯಾಚ್ ಆಗ್ತದಾ. ಇಂಜಿನ್ ಜಾಮ್ ಆಗಿದ್ರೂ ಪರ್ವಾಗಿಲ್ಲ, ಬಾಡಿ ತಗಡು ಜರಡಿ ಆಗಿದ್ರೂ ಪರ್ವಾಗಿಲ್ಲ, ಅವೆಲ್ಲ ಸಿಗ್ತದೆ. ಪೇಪರ್ ಇಲ್ಲದ ಗಾಡಿಗೆ ಮಾತ್ರ ದುಡ್ಡು ಸುರೀಬೇಡಿ, ತೋಟದ ಒಳಗೆ ಗೊಬ್ಬರ ಎಳೆಯೋಕೆ ಸಾಕು ಅಂತ ಇದ್ರೆ ಬೇರೆ ಮಾತು.

ಚಾಸಿ ನೋಡೋವಾಗ ಕಣ್ಣಿಗಿಂತ ಸುತ್ತಿಗೆ ನಂಬಿ. ಚಿಕ್ಕ ಸುತ್ತಿಗೆಯಲ್ಲಿ ಉದ್ದಕ್ಕೂ ತಟ್ಕೊಂಡು ಹೋದ್ರೆ ಗಟ್ಟಿ ಕಡೆ ಠಣ್ ಅಂತದೆ, ಕೊಳೆತಿರೋ ಕಡೆ ಮಂಕು ಸದ್ದು. ಹಿಂದಿನ ಸ್ಪ್ರಿಂಗ್ ಶಾಕಲ್ (ಪಟ್ಟಿ ಸ್ಪ್ರಿಂಗ್ ಹಿಡಿದಿರೋ ಕೊಂಡಿ) ಕೂರೋ ಜಾಗ, ಮುಂದಿನ ಕ್ರಾಸ್ ಮೆಂಬರ್, ಬಾಡಿ ಮೌಂಟ್ ಬೋಲ್ಟ್ ಸುತ್ತ, ಈ ಮೂರು ಕಡೆ ಮಣ್ಣು ಎಲೆ ಸಿಕ್ಕಾಕೊಂಡು ವರ್ಷ ಪೂರ್ತಿ ಒದ್ದೆ ಇರ್ತದೆ. ಸ್ಕ್ರೂಡ್ರೈವರ್ ಒತ್ತಿದ್ರೆ ಒಳಗೆ ಹೋಯ್ತು ಅಂದ್ರೆ ಅಲ್ಲಿ ವೆಲ್ಡಿಂಗ್ ಕೆಲ್ಸ ಗ್ಯಾರಂಟಿ.

ನಮ್ದು ಯಾವ ಮಾಡೆಲ್ ಅಂತಲೇ ಗೊತ್ತಿಲ್ಲ, ಎಲ್ಲ ಜೀಪೂ ಒಂದೇ ಥರ ಕಾಣ್ತದಲ್ಲ?

ಒಂದೇ ಥರ ಕಾಣೋದಕ್ಕೆ ಕಾರಣ ಉಂಟು. ಮಹೀಂದ್ರದವರು ಇಲ್ಲಿ ವಿಲ್ಲಿಸ್ ಜೀಪ್ ಜೋಡಿಸೋಕೆ ಶುರು ಮಾಡಿದ್ದು 1947ರಲ್ಲಿ, ಆಮೇಲೆ ದಶಕಗಟ್ಟಲೆ ಅದೇ ಅಚ್ಚಲ್ಲೇ ಬದಲಾವಣೆ ಮಾಡ್ಕೊಂಡು ಬಂದ್ರು. ಬಾನೆಟ್ ಎತ್ತರಕ್ಕೆ ಚೌಕ ಇದ್ರೆ ಅದು ಸಿಜೆ 3ಬಿ ವಂಶ. ಅಮೆರಿಕದಲ್ಲಿ ಅದು ಬಂದಿದ್ದು 1953ರಲ್ಲಿ, ಹರಿಕೇನ್ ಅನ್ನೋ 2.2 ಲೀಟರ್ ಪೆಟ್ರೋಲ್ ಇಂಜಿನ್ ಎತ್ತರ ಜಾಸ್ತಿ ಇದ್ದಿದ್ರಿಂದ ಬಾನೆಟ್ ಎತ್ತಬೇಕಾಯ್ತು. ಆ ಇಂಜಿನ್ನಲ್ಲಿ ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಲ್ಲಿ, ಹಾಗಾಗಿ ಟ್ಯಾಪೆಟ್ (ವಾಲ್ವ್ ಗ್ಯಾಪ್) ಎರಡು ಕಡೆ ಸೆಟ್ ಮಾಡ್ಬೇಕು: ತಣ್ಣಗಿರುವಾಗ ಇನ್‌ಲೆಟ್ 18 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲಿ ಒಂದು ಪಾಲು), ಎಕ್ಸಾಸ್ಟ್ 16 ಥೌ.

ಡೀಸೆಲ್ ಆದ್ರೆ ಟ್ರ್ಯಾಕ್ಟರ್ ವಂಶದ ಇಂಟರ್‌ನ್ಯಾಷನಲ್ ಇಂಜಿನ್ ಇರ್ಬೋದು, ಇಲ್ಲಾ ಪೂಜೋ ಇರ್ಬೋದು. ಪೂಜೋ ಎಕ್ಸ್‌ಡಿಪಿ 4.90 ಅಂದ್ರೆ ನಾಲ್ಕು ಸಿಲಿಂಡರ್, 90 ಎಂಎಂ ಬೋರ್, 2112 ಸಿಸಿ. ಮಹೀಂದ್ರದ ಎಂಎಂ 540 ಮಾಡೆಲ್ ಗಾಡಿಗಳಲ್ಲಿ ಜಾಸ್ತಿ ಸಿಗೋದು ಇದೇ, ಜೊತೆಗೆ ನಾಲ್ಕು ಗೇರಿನ ಬಾಕ್ಸ್. ಆಮೇಲೆ ಬಂದ 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್) ಇಂಜಿನ್ ಬೇರೆ. ಮಾರುತಿ ಜಿಪ್ಸಿ 1985ರ ಕೊನೆಗೆ ಬಂತು, ಮೊದ್ಲಿಂದು 970 ಸಿಸಿ, 1996ರ ಕಿಂಗ್ 1298 ಸಿಸಿ, 2000ದಲ್ಲಿ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್). ಮಿಲಿಟರಿ ಹರಾಜಲ್ಲಿ ಬಂದಿರೋ ಉದ್ದ ಮೂತಿ, 4 ಲೀಟರ್ ಆರು ಸಿಲಿಂಡರ್ ಪೆಟ್ರೋಲ್ ಗಾಡಿ ಇದ್ರೆ ಅದು ಜಬಲ್ಪುರದ ಜೊಂಗಾ. ನಮ್ಮಲ್ಲಿ ಮನೆಗೊಬ್ರು ಆರ್ಮಿಯಲ್ಲಿ ಇದ್ದವರೇ ಅಲ್ವಾ, ಅದಕ್ಕೆ ಇಲ್ಲಿ ಜೊಂಗಾ ಪ್ರೀತಿ ಒಂದು ಕೈ ಜಾಸ್ತಿ. ಆದ್ರೆ ಪೆಟ್ರೋಲ್ ರೇಟ್ ನೋಡ್ಕೊಂಡು ತಗೊಳ್ಳಿ.

ಎಲ್ಲಿಂದ ಶುರು ಮಾಡ್ಬೇಕು?

ಕೆಳಗಿಂದ. ಹತ್ತರಲ್ಲಿ ಒಂಬತ್ತು ಜನ ಮೊದ್ಲು ಟಯರು, ಬಂಪರು, ಎಲ್‌ಇಡಿ ಬಾರು ತಗೊಂಡು ಬರ್ತಾರೆ, ಆಮೇಲೆ ಬ್ರೇಕಿಗೆ ದುಡ್ಡಿರಲ್ಲ. ಚಾಸಿ, ಬ್ರೇಕ್, ಸ್ಟೀರಿಂಗ್, ಆಮೇಲೆ ರೇಡಿಯೇಟರ್, ಆಮೇಲೆ ಇಂಜಿನ್ ಗೇರ್ ಬಾಕ್ಸ್, ವೈರಿಂಗ್, ಕೊನೆಗೆ ಟಿಂಕರಿಂಗ್ ಪೇಂಟ್. ಬಾಡಿ ಬಿಚ್ಚೋ ಮುಂಚೆ ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳಿ, ವೈರ್ ಯಾವ್ದು ಎಲ್ಲಿಗೆ ಅಂತ ಟೇಪ್ ಅಂಟಿಸಿ ಬರೀರಿ. ಬೋಲ್ಟುಗಳನ್ನ ಒಂದೇ ಡಬ್ಬಿಗೆ ಸುರಿದ್ರೆ ಆಮೇಲೆ ದೇವ್ರೇ ಗತಿ.

ಶೆಡ್ಡಲ್ಲಿ ಏನೇನು ಇರ್ಬೇಕು?

ಕಾಫಿ ಕಣದ ಪಕ್ಕದ ಹಳೆ ಗೋಡೌನ್ ಸಾಕು, ನೆಲ ಮಾತ್ರ ಸಿಮೆಂಟ್ ಇರ್ಲಿ. ಮಣ್ಣು ನೆಲದ ಮೇಲೆ ಜಾಕಿ ಹಾಕಿ ಕೆಳಗೆ ನುಗ್ಗೋದು ಸಾಯೋ ಕೆಲ್ಸ, ಅದೂ ಮಳೆಗಾಲದಲ್ಲಿ ನೆಲ ಮೆತ್ತಗಿರುವಾಗ. ಜಾಕಿ ಎತ್ತೋದಕ್ಕೆ ಮಾತ್ರ, ಗಾಡಿ ನಿಲ್ಲೋಕೆ ಸ್ಟ್ಯಾಂಡ್ ಬೇಕು, ಸ್ಟ್ಯಾಂಡ್ ಇಲ್ಲಾಂದ್ರೆ ದಪ್ಪ ಮರದ ದಿಮ್ಮಿ ಅಡ್ಡ ಅಡ್ಡ ಜೋಡ್ಸಿ ಇಡಿ. ಮರಕ್ಕೇನು ನಮ್ಮಲ್ಲಿ ಬರವಾ! ಇಟ್ಟಿಗೆ, ಸಿಮೆಂಟ್ ಬ್ಲಾಕ್ ಮಾತ್ರ ಬೇಡವೇ ಬೇಡ, ಅದು ಹೇಳ್ದೆ ಕೇಳ್ದೆ ಒಡೀತದೆ.

ಸ್ಪ್ಯಾನರ್ ವಿಷ್ಯದಲ್ಲಿ ಹೊಸಬರು ಎಡವೋದು ಇಲ್ಲೇ. ಹಳೆ ಜೀಪ್ ಇಂಚಿನ ಗಾಡಿ, 7/16, 1/2, 9/16 ಬೇಕು. ಪೂಜೋ ಇಂಜಿನ್ ಎಂಎಂ ಲೆಕ್ಕ. ಅಂದ್ರೆ ಒಂದೇ 540ಯಲ್ಲಿ ಇಂಜಿನ್‌ಗೆ ಒಂದು ಸೆಟ್, ಹೌಸಿಂಗ್‌ಗೆ (ಆಕ್ಸಲ್ ಇರೋ ಕವಚ) ಇನ್ನೊಂದು ಸೆಟ್. 1/2 ಇಂಚಿಗೆ 13 ಸ್ಪ್ಯಾನರ್ ಹಿಡಿಸಿ ತಿರುಗಿಸಿದ್ರೆ ತುಕ್ಕು ಹಿಡಿದ ಬೋಲ್ಟ್ ತಲೆ ಗುಂಡಗೆ ಆಗೋದೇ. ಜಿಪ್ಸಿಗೆ 10, 12, 14, 17 ಇದ್ರೆ ಮುಕ್ಕಾಲು ಕೆಲ್ಸ ಆಯ್ತು. ಜೊತೆಗೆ ಫೀಲರ್ ಗೇಜ್, ಗ್ರೀಸ್ ಗನ್, ಮಲ್ಟಿಮೀಟರ್, ಆಂಗಲ್ ಗ್ರೈಂಡರ್, ಚೈನ್ ಬ್ಲಾಕ್.

ಒಂದು ಮಾತು, ಹಲವು ಹಳೆ ಜೀಪಲ್ಲಿ ಎಡಗಡೆ ಚಕ್ರದ ನಟ್ ಉಲ್ಟಾ ತ್ರೆಡ್. ಬಿಚ್ಚೋಕೆ ಬರಲ್ಲ ಅಂತ ಪೈಪ್ ಹಾಕಿ ಹತ್ತಿ ನಿಂತ್ಕೊಳ್ಳೋ ಮುಂಚೆ ಸ್ಟಡ್ ಮೇಲೆ ಎಲ್ ಅಂತ ಗುರುತು ಉಂಟಾ ನೋಡಿ.

ವರ್ಷಗಟ್ಟಲೆ ನಿಂತ ಇಂಜಿನ್, ಬ್ಯಾಟರಿ ಹಾಕಿ ಸೆಲ್ಫ್ ಹೊಡೀಬೋದಾ?

ಹೊಡೀಬೇಡಿ ಮಾರಾಯ್ರೆ. ಎಳೆದು ಸ್ಟಾರ್ಟ್ ಮಾಡೋದಂತೂ ಬೇಡ. ಒಳಗೆ ರಿಂಗ್ ಬೋರಿಗೆ ಅಂಟಿರ್ತದೆ, ಬಲವಂತ ಮಾಡಿದ್ರೆ ರಿಂಗ್ ಮುರೀತದೆ, ಬೋರ್ ಗೀರ್ತದೆ. ಪೆಟ್ರೋಲಾದ್ರೆ ಪ್ಲಗ್ ಬಿಚ್ಚಿ, ಡೀಸೆಲ್ಲಾದ್ರೆ ಇಂಜೆಕ್ಟರ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಸ್ವಲ್ಪ ತೆಳು ಆಯಿಲ್ ಬಿಡಿ, ಒಂದೆರಡು ದಿನ ಹಾಗೇ ಇರ್ಲಿ. ಆಮೇಲೆ ಮುಂದಿನ ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ಮೆಲ್ಲ ಆ ಕಡೆ ಈ ಕಡೆ ಆಡಿಸಿ. ತಿರುಗೋಕೆ ಶುರುವಾದ್ರೆ ಹಳೆ ಇಂಜಿನ್ ಆಯಿಲ್ ಇಳಿಸಿ, ಅದ್ರಲ್ಲಿ ನೀರುಂಟಾ ನೋಡಿ, ಹೊಸ ಆಯಿಲ್ ಫಿಲ್ಟರ್ ಹಾಕಿ, ಪ್ಲಗ್ ಇಲ್ಲದೆ ಸೆಲ್ಫಲ್ಲಿ ತಿರುಗಿಸಿ ಆಯಿಲ್ ಪ್ರೆಶರ್ ಬರೋವರೆಗೂ ಕಾಯಿರಿ. ಸಿಲಿಂಡರಲ್ಲಿ ಆಯಿಲ್ ನಿಂತಿರೋವಾಗ ಪ್ಲಗ್ ಹಾಕಿ ಸೆಲ್ಫ್ ಹೊಡೆದ್ರೆ ಕನೆಕ್ಟಿಂಗ್ ರಾಡ್ ಬಗ್ಗೋ ಚಾನ್ಸ್ ಉಂಟು, ಅದಕ್ಕೆ ಈ ಕ್ರಮ ತಪ್ಪಿಸ್ಬೇಡಿ.

ಏರ್ ಕ್ಲೀನರ್ ಒಳಗೆ ಇಲಿ ಗೂಡು ಉಂಟಾ ಅಂತ ಕೈ ಹಾಕೋ ಮುಂಚೆ ಟಾರ್ಚ್ ಬಿಟ್ಟು ನೋಡಿ. ಇಲಿ ಮಾತ್ರ ಇರ್ತದೆ ಅಂತ ಏನಿಲ್ಲ ನಮ್ಮೂರಲ್ಲಿ.

ತುಕ್ಕು. ಎಷ್ಟು ತೆಗೆದ್ರೂ ಮತ್ತೆ ಬರ್ತದೆ, ಏನ್ ಮಾಡೋದು?

ಮತ್ತೆ ಬರೋದು ಯಾಕಂದ್ರೆ ಮೇಲ್ಗಡೆ ತೆಗೀತೀರ, ಒಳಗಡೆ ಬಿಡ್ತೀರ. ಜೀಪ್ ನೆಲದ ತಗಡಿನ ಅಡಿಗೆ ಪಟ್ಟಿ ಕೊಟ್ಟಿರ್ತಾರಲ್ಲ, ಆ ಪಟ್ಟಿಗೂ ತಗಡಿಗೂ ಮಧ್ಯೆ ನೀರು ನಿಲ್ತದೆ. ಡ್ರೈವರ್ ಸೀಟಡಿ ಟ್ಯಾಂಕ್ ಕೂರೋ ಗುಂಡಿ ಇನ್ನೊಂದು. ಜಿಪ್ಸಿಗೆ ಹಿಂದಿನ ಫ್ಲೋರ್, ಚಕ್ರದ ಮೇಲಿನ ಆರ್ಚ್. ರಬ್ಬರ್ ಮ್ಯಾಟ್ ಹಾಕಿದವರ ಗಾಡಿ ಬೇಗ ಹೋಗ್ತದೆ, ಮೇಲೆ ಚಂದ ಕಾಣ್ತದೆ, ಅಡಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಒಣಗೋದೇ ಇಲ್ಲ. ಮ್ಯಾಟ್ ಕಿತ್ತು ಬಿಸಾಕಿ, ನೆಲದ ಡ್ರೇನ್ ತೂತು ಮುಚ್ಚಿದ್ರೆ ಬಿಡಿಸಿ.

ತೆಳು ತುಕ್ಕಾದ್ರೆ ಗ್ರೈಂಡರಿಗೆ ವೈರ್ ಕಪ್ ಹಾಕಿ ಉಜ್ಜಿ, ಹಿಂದೇನೇ ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ಕನ್ವರ್ಟರ್ ಹಚ್ಚಿ, ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್. ಉಜ್ಜಿದ ದಿನವೇ ಪ್ರೈಮರ್ ಹೊಡೀಬೇಕು, ಭಾಗಮಂಡಲ ಕಡೆ ಆದ್ರೆ ಬೆಳಗ್ಗೆ ಉಜ್ಜಿದ ತಗಡು ಸಂಜೆಗೆ ಕೆಂಪಾಗ್ತದೆ. ತೂತು ಬಿದ್ದಿದ್ರೆ ಪುಟ್ಟಿ ಮೆತ್ತಬೇಡಿ, ಎಂ-ಸೀಲ್ ಅಂತೂ ಮೊದ್ಲೇ ಬೇಡ. ಗಟ್ಟಿ ತಗಡು ಸಿಗೋವರೆಗೂ ಕತ್ತರಿಸಿ 18 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಶೀಟಲ್ಲಿ ತೇಪೆ ಬೆಸೀರಿ. ತೆಳು ತಗಡಿಗೆ ಮಿಗ್ ವೆಲ್ಡಿಂಗ್ ಒಳ್ಳೇದು, ಗೇಟ್ ಮಾಡೋರ ಆರ್ಕ್ ವೆಲ್ಡಿಂಗ್‌ನಲ್ಲಿ ತಗಡು ಸುಟ್ಟು ತೂತು ದೊಡ್ಡದಾಗ್ತದೆ. ಚಾಸಿಯ ದಪ್ಪ ಕಬ್ಬಿಣಕ್ಕೆ ಆರ್ಕ್ ಸರಿ.

ಸಣ್ಣ ಪಾರ್ಟು, ಬ್ರಾಕೆಟ್ಟು, ಹಿಂಜ್ ಇವಕ್ಕೆ ಎಲೆಕ್ಟ್ರಾಲಿಸಿಸ್ ಸೂಪರ್. ಪ್ಲಾಸ್ಟಿಕ್ ಡ್ರಮ್ಮಲ್ಲಿ ನೀರು, ಅದಕ್ಕೆ ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್‌ನ ನೆಗೆಟಿವ್ ನಿಮ್ಮ ಪಾರ್ಟಿಗೆ, ಪಾಸಿಟಿವ್ ಯಾವ್ದಾದ್ರೂ ಗುಜರಿ ಕಬ್ಬಿಣದ ತುಂಡಿಗೆ. ರಾತ್ರಿ ಬಿಟ್ರೆ ಬೆಳಗ್ಗೆ ತುಕ್ಕು ಕಪ್ಪು ಕೆಸರಾಗಿ ಉದುರ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಪಾಸಿಟಿವ್‌ಗೆ ಹಾಕ್ಬೇಡಿ, ವಿಷದ ಕ್ರೋಮಿಯಂ ನೀರಿಗೆ ಬಿಡ್ತದೆ, ಆ ನೀರು ಕೊನೆಗೆ ನಿಮ್ಮ ತೋಟದ ತೋಡಿಗೇ ಹೋಗೋದು. ಹೈಡ್ರೋಜನ್ ಗ್ಯಾಸ್ ಬರ್ತದೆ, ಬಾಗಿಲು ತೆಗೆದಿಡಿ, ಹತ್ರ ಬೀಡಿ ಸಿಗರೇಟ್ ಬೇಡ.

ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡೋ ಯೋಚನೆಯೇ ಬೇಡ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಇರೋದು ಆವಿ.

ಪೇಂಟ್ ಯಾವಾಗ ಹೊಡೀಬೋದು?

ಜನವರಿಯಿಂದ ಮಾರ್ಚ್. ತೇವ ಇರೋ ಗಾಳಿಯಲ್ಲಿ ಹೊಡೆದ್ರೆ ಮೇಲೆ ಬಿಳಿ ಮಂಜು ಕೂತ ಹಾಗೆ ಆಗ್ತದೆ, ಶೈನಿಂಗ್ ಬರಲ್ಲ. ಕುಶಾಲನಗರ ಕಡೆಯವರಿಗೆ ಮಳೆ ಕಮ್ಮಿ, ಸ್ವಲ್ಪ ಜಾಸ್ತಿ ದಿನ ಸಿಗ್ತದೆ. ಕಣದಲ್ಲಿ ಕಾಫಿ ಗುಡಿಸೋ ದಿನ ಹೊಡೀಬೇಡಿ, ಧೂಳೆಲ್ಲ ಬಂದು ಅಂಟ್ತದೆ.

ಬ್ರೇಕ್ ಎರಡು ಮೂರು ಸಲ ಪಂಪ್ ಮಾಡಿದ್ರೆ ಹಿಡೀತದೆ. ನಡೀತದಾ?

ನಡೆಯಲ್ಲ. ಹಳೆ ಜೀಪಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಲೈನ್, ಎಲ್ಲಿ ಒಂದು ಕಡೆ ಲೀಕ್ ಆದ್ರೂ ನಾಲ್ಕೂ ಹೋಗ್ತದೆ. ಸಂಪಾಜೆ ಘಾಟಿ ಇಳಿಯುವಾಗ, ಮಾಕುಟ್ಟ ಇಳಿಯುವಾಗ ಹೋದ್ರೆ ಹ್ಯಾಂಡ್ ಬ್ರೇಕ್ ನಂಬೋಕೂ ಆಗಲ್ಲ, ಯಾಕಂದ್ರೆ ಅದು ಇರೋದು ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಕ್ಕೆ ಪವರ್ ಹಂಚೋ ಬಾಕ್ಸ್) ಹಿಂದೆ ಒಂದು ಸಣ್ಣ ಡ್ರಮ್ಮಲ್ಲಿ, ಅಲ್ಲಿನ ಸೀಲ್ ಲೀಕ್ ಆಗಿ ಆ ಡ್ರಮ್ ಹೆಚ್ಚಾಗಿ ಆಯಿಲ್‌ನಲ್ಲಿ ನೆಂದಿರ್ತದೆ. ಅದು ಗಾಡಿ ನಿಲ್ಲಿಸಿದ ಮೇಲೆ ಎಳೆಯೋಕೆ ಇರೋದು.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಎಳ್ಕೊಳ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೂ ಕುದಿಯಲ್ಲ, ನೀರು ಸೇರಿದ್ರೆ ಆ ಲೆಕ್ಕ 140ಕ್ಕೆ ಇಳೀತದೆ. ಇಳಿಜಾರಲ್ಲಿ ಡ್ರಮ್ ಕಾದಾಗ ಆಯಿಲ್ ಕುದ್ದು ಆವಿ ಆಗಿ ಪೆಡಲ್ ನೆಲಕ್ಕೆ ಹೋಗೋದು ಹೀಗೆ. ನಮ್ಮ ತೇವಕ್ಕೆ ವರ್ಷಕ್ಕೊಂದು ಸಲ, ಮಳೆ ಮುಗಿದ ಮೇಲೆ, ಪೂರ್ತಿ ಆಯಿಲ್ ಬದಲಾಯಿಸಿ. ಅರ್ಧ ಉಳಿದ ಡಬ್ಬಿ ಅಟ್ಟದ ಮೇಲಿಟ್ಟು ಮುಂದಿನ ವರ್ಷ ಬಳಸ್ಬೇಡಿ.

ನಿಂತ ಗಾಡಿ ರೆಡಿ ಮಾಡೋದಾದ್ರೆ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್ ಎಲ್ಲ ಬಿಚ್ಚಿ ನೋಡಿ. ಬೋರಲ್ಲಿ ತುಕ್ಕಿನ ಗುಳಿ ಇದ್ರೆ ಬರೀ ರಬ್ಬರ್ ಕಿಟ್ ಹಾಕಿ ಪ್ರಯೋಜನ ಇಲ್ಲ, ಸಿಲಿಂಡರ್ರೇ ಬದಲಾಯಿಸಿ. ಕಬ್ಬಿಣದ ಪೈಪ್ ಒಳಗಿಂದ ಕೊಳೆತಿರ್ತದೆ, ರಬ್ಬರ್ ಹೋಸ್ ಒಳಗಡೆ ಊದಿ ಮುಚ್ಚಿರ್ತದೆ, ಎಲ್ಲ ಹೊಸತು ಹಾಕಿ. ಹಳೆ ಲೈನಿಂಗ್ ಧೂಳಲ್ಲಿ ಆಸ್ಬೆಸ್ಟಾಸ್ ಇರ್ತದೆ, ಏರ್ ಹೊಡೆದು ಹಾರಿಸ್ಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

50ರ ಸ್ಪೀಡಿಗೆ ಸ್ಟೀರಿಂಗ್ ಹುಚ್ಚು ಹಿಡಿದ ಹಾಗೆ ಅಲ್ಲಾಡ್ತದೆ, ವೀಲ್ ಬ್ಯಾಲೆನ್ಸ್ ಮಾಡ್ಸಿದ್ರೂ ಹೋಗ್ಲಿಲ್ಲ.

ಇಬ್ರನ್ನ ಕರೀರಿ. ಒಬ್ರು ಕೂತ್ಕೊಂಡು ಸ್ಟೀರಿಂಗ್ ಸ್ವಲ್ಪ ಸ್ವಲ್ಪ ಆಡಿಸ್ಲಿ, ಇನ್ನೊಬ್ರು ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಮುಟ್ಟಿ ನೋಡ್ಲಿ. ಹಳೆ 3ಬಿಯಲ್ಲಿ ಮುಂದಿನ ಕ್ರಾಸ್ ಮೆಂಬರಲ್ಲಿ ಬೆಲ್ ಕ್ರ್ಯಾಂಕ್ ಅಂತ ಒಂದು ಪಿನ್ ಮೇಲೆ ತಿರುಗೋ ತುಂಡುಂಟು, ಅರ್ಧ ಆಟ ಅಲ್ಲೇ. ಆಮೇಲೆ ಟೈ ರಾಡ್ ಎಂಡು, ಸ್ಪ್ರಿಂಗ್ ಶಾಕಲ್ ಬುಷ್, ಮುಖ್ಯವಾಗಿ ಕಿಂಗ್ ಪಿನ್ (ಮುಂದಿನ ಚಕ್ರ ಎಡ ಬಲ ತಿರುಗೋ ಪಿನ್) ಬೇರಿಂಗ್. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ್ರೆ ಆಟ ಗೊತ್ತಾಗ್ತದೆ, ಬ್ರೇಕ್ ಒತ್ತಿಸಿ ಅಲ್ಲಾಡಿಸಿದ್ರೂ ಆಟ ಇದ್ರೆ ಕಿಂಗ್ ಪಿನ್, ನಿಂತು ಹೋದ್ರೆ ಹಬ್ ಬೇರಿಂಗ್. ಕಿಂಗ್ ಪಿನ್ನಿಗೆ ಮೇಲೆ ಶಿಮ್ ಇರ್ತದೆ, ಒಂದೊಂದೇ ತೆಗೆದು ಸ್ವಲ್ಪ ಬಿಗಿ ಬರೋ ಹಾಗೆ ಸೆಟ್ ಮಾಡ್ಬೇಕು.

ಎಲ್ಲ ಬಿಟ್ಟು ಸ್ಟೀರಿಂಗ್ ಬಾಕ್ಸ್ ಸ್ಕ್ರೂ ಟೈಟ್ ಮಾಡೋದು ಸುಲಭದ ದಾರಿ ಅಂತ ಎಲ್ಲರೂ ಅದನ್ನೇ ಮಾಡ್ತಾರೆ. ಅದು ಕೊನೆಗೆ, ಅದೂ ಚಕ್ರ ನೇರ ಇದ್ದಾಗ ಮಾತ್ರ. ಜಾಸ್ತಿ ಬಿಗಿ ಮಾಡಿದ್ರೆ ತಿರುವಲ್ಲಿ ಸ್ಟೀರಿಂಗ್ ವಾಪಸ್ ಬರಲ್ಲ, ಮಡಿಕೇರಿ ರೋಡಲ್ಲಿ ಅದಕ್ಕಿಂತ ಭಯದ್ದು ಇನ್ನೊಂದಿಲ್ಲ. ಸ್ಟೀರಿಂಗ್ ಡ್ಯಾಂಪರ್ ಹಾಕಿದ್ರೆ ರೋಗ ಮುಚ್ತದೆ ಅಷ್ಟೇ.

ಮೂರು ಗೇರಿನ ಜೀಪ್, ಇಳಿಜಾರಲ್ಲಿ ಸೆಕೆಂಡ್ ಗೇರ್ ಹಾರ್ತದೆ.

ಮೂರು ಗೇರಿನ ಜೀಪಲ್ಲಿರೋ ಟಿ-90 ಗೇರ್ ಬಾಕ್ಸಿನ ಹಳೆ ಕಾಯಿಲೆ. ಮೊದ್ಲು ಬಾಕ್ಸ್ ಬೆಲ್ ಹೌಸಿಂಗಿಗೆ ಕೂರೋ ಬೋಲ್ಟ್ ಲೂಸ್ ಉಂಟಾ ನೋಡಿ, ಆಮೇಲೆ ಮೇಲಿನ ಕವರಲ್ಲಿ ಗೇರ್ ರಾಡನ್ನ ಹಿಡಿದಿಡೋ ಗುಂಡು ಸ್ಪ್ರಿಂಗ್ ಸೋತಿದ್ಯಾ ನೋಡಿ, ಕಮ್ಮಿ ಖರ್ಚಲ್ಲೇ ಮುಗೀಬೋದು. ಅದಲ್ಲಾಂದ್ರೆ ಒಳಗೆ ಬೇರಿಂಗ್, ಸಿಂಕ್ರೋ ಸವೆದಿರ್ತದೆ, ಬಾಕ್ಸ್ ಇಳಿಸ್ಬೇಕು.

ಆಯಿಲ್ ವಿಷ್ಯ ಇಲ್ಲೇ ಹೇಳ್ತೀನಿ. ಗೇರ್ ಬಾಕ್ಸಿಗೆ ಜಿಎಲ್-4 ಕೇಳಿ ತಗೊಳ್ಳಿ, ಒಳಗಿರೋ ಹಿತ್ತಾಳೆ ಸಿಂಕ್ರೋ ರಿಂಗಿಗೆ ಜಿಎಲ್-5ರ ಕೆಮಿಕಲ್ ಆಗಿಬರಲ್ಲ. ಗೇರ್ ಬಾಕ್ಸಿಂದ ಟ್ರಾನ್ಸ್‌ಫರ್ ಕೇಸಿಗೆ ಆಯಿಲ್ ದಾಟೋದು ಈ ಗಾಡಿಗಳಲ್ಲಿ ಮಾಮೂಲಿ, ಹಾಗಾಗಿ ಒಂದ್ರಲ್ಲಿ ಕಮ್ಮಿ ಇನ್ನೊಂದ್ರಲ್ಲಿ ಜಾಸ್ತಿ ಕಂಡ್ರೆ ಆಶ್ಚರ್ಯ ಪಡ್ಬೇಡಿ, ಎರಡೂ ಲೆವೆಲ್ ಒಟ್ಟಿಗೆ ನೋಡಿ.

ಮಳೆಯಲ್ಲಿ ಟಾರ್ ರೋಡಲ್ಲೂ ಫೋರ್ ವೀಲ್ ಹಾಕ್ಕೊಂಡೇ ಓಡಿಸ್ಬೋದಾ, ಗ್ರಿಪ್ ಜಾಸ್ತಿ ಅಲ್ವಾ?

ಬೇಡ. ಈ ಗಾಡಿಗಳಿಗೆ ಮುಂದೆ ಹಿಂದೆ ಮಧ್ಯೆ ಡಿಫರೆನ್ಶಿಯಲ್ ಇಲ್ಲ. ತಿರುವಲ್ಲಿ ಮುಂದಿನ ಚಕ್ರ ಹಿಂದಿನದ್ದಕ್ಕಿಂತ ಜಾಸ್ತಿ ದೂರ ಓಡ್ಬೇಕು, ಟಾರಲ್ಲಿ ಜಾರೋಕೆ ಆಗಲ್ಲ, ಆ ಒತ್ತಡ ಎಲ್ಲ ಗೇರು, ಕ್ರಾಸು (ಶಾಫ್ಟಿನ ಜಾಯಿಂಟು), ಶಾಫ್ಟ್ ಮೇಲೆ ಬೀಳ್ತದೆ. ಲಿವರ್ ವಾಪಸ್ ಬರದೆ ಜಾಮ್ ಆದ್ರೆ ಒಂದು ಸ್ವಲ್ಪ ರಿವರ್ಸ್ ತಗೊಳ್ಳಿ, ಬಿಡ್ತದೆ. ಕೆಸರು, ಒದ್ದೆ ಹುಲ್ಲು, ತೋಟದ ಮಣ್ಣು ರೋಡಲ್ಲಿ ಹಾಕಿ. ತಿಂಗಳಿಗೊಂದು ಸಲ ಆದ್ರೂ ಹಾಕಿ, ಇಲ್ಲಾಂದ್ರೆ ಬೇಕಾದಾಗ ಲಿವರ್ ಅಲ್ಲಾಡಲ್ಲ. ಜಿಪ್ಸಿಯಲ್ಲಿ ಹಬ್ ಲಾಕ್ ಮಾಡೋ ಮಾದರಿ ಇದ್ರೆ ಇಳಿದು ಅದನ್ನೂ ತಿರುಗಿಸ್ಬೇಕು, ಒಳಗೆ ಕೂತು ಲಿವರ್ ಎಳೆದ್ರೆ ಮುಂದಿನ ಚಕ್ರಕ್ಕೆ ಪವರ್ ಹೋಗಲ್ಲ.

ಈಗಿನ ಇ-20 (20% ಎಥನಾಲ್ ಸೇರಿದ) ಪೆಟ್ರೋಲ್ ಹಳೆ ಕಾರ್ಬ್ಯುರೇಟರಿಗೆ ಆಗ್ತದಾ?

ಓಡ್ತದೆ, ಆದ್ರೆ ಹಳೆ ರಬ್ಬರ್ ಹೋಗ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಾಮ್, ಪೈಪ್, ಕಾರ್ಬ್ಯುರೇಟರ್ ಗ್ಯಾಸ್ಕೆಟ್ ಎಲ್ಲ ಎಥನಾಲ್ ತಡ್ಕೊಳ್ಳೋದಕ್ಕೆ ಬದಲಾಯಿಸಿ. ದೊಡ್ಡ ತೊಂದ್ರೆ ನಿಲ್ಲಿಸಿಟ್ಟಾಗ: ಎಥನಾಲ್ ನೀರು ಎಳ್ಕೊಂಡು ಟ್ಯಾಂಕ್ ತಳಕ್ಕೆ ಬೇರೆ ಪದರ ಆಗಿ ಕೂರ್ತದೆ, ಟ್ಯಾಂಕ್ ತುಕ್ಕು ಹಿಡೀತದೆ. ಮಳೆಗಾಲ ಪೂರ್ತಿ ಓಡಿಸಲ್ಲ ಅಂದ್ರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಲ್ಲಿ ಇರೋದು ಮುಗಿಯೋವರೆಗೂ ಓಡಿಸಿ ನಿಲ್ಲಿಸಿ. ಡೀಸೆಲ್ ಗಾಡಿಗೆ ಇದು ಉಲ್ಟಾ, ಟ್ಯಾಂಕ್ ಫುಲ್ ಮಾಡಿ ನಿಲ್ಲಿಸಿ, ಒಳಗೆ ಖಾಲಿ ಜಾಗ ಕಮ್ಮಿ ಇದ್ರೆ ಹನಿ ಕಟ್ಟೋದೂ ಕಮ್ಮಿ.

ಡೀಸೆಲ್ ಜೀಪ್ ಬೆಳಗ್ಗೆ ಚಳಿಗೆ ಸ್ಟಾರ್ಟ್ ಆಗಲ್ಲ.

ಪೂಜೋ ಆದ್ರೆ ಹೀಟರ್ ಪ್ಲಗ್ ಒಂದೊಂದೇ ಚೆಕ್ ಮಾಡಿ, ಆ ಇಂಜಿನ್‌ಗೆ ಅದಿಲ್ದೆ ಚಳಿಯಲ್ಲಿ ಕಷ್ಟ. ರಾತ್ರಿ ನಿಂತು ಬೆಳಗ್ಗೆ ಮಾತ್ರ ತೊಂದ್ರೆ, ಕೈಪಂಪ್ ಹೊಡೆದ್ರೆ ಸ್ಟಾರ್ಟ್ ಆಗ್ತದೆ ಅಂದ್ರೆ ಲೈನಲ್ಲಿ ಏರ್ ಎಳೀತಾ ಉಂಟು, ವಾಷರ್, ಪೈಪ್ ನೋಡಿ. ಎಫ್‌ಐ ಪಂಪ್ (ಡೀಸೆಲ್ ಇಂಜೆಕ್ಷನ್ ಪಂಪ್) ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಅದು ಕ್ಯಾಲಿಬ್ರೇಷನ್ ಟೆಸ್ಟ್ ಬೆಂಚ್ ಇರೋ ಕಡೆ ಮಾಡೋ ಕೆಲ್ಸ.

ಇಂಜಿನ್ ಬದಲಾಯಿಸಿ ದೊಡ್ಡ ಡೀಸೆಲ್ ಕೂರಿಸ್ಬೋದಾ? ಟಯರ್ ದೊಡ್ಡದು, ಲಿಫ್ಟ್?

ಮೋಟಾರ್ ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿದೆ. ಇಂಜಿನ್ ಬದಲಾಯಿಸ್ಬೇಕಾದ್ರೆ ಆರ್‌ಟಿಒ ಪರ್ಮಿಷನ್ ಮೊದ್ಲು, ಕೆಲ್ಸ ಆಮೇಲೆ. ಹಿಂದೆ ನಮ್ಮಲ್ಲಿ ಎಷ್ಟೋ ಪೆಟ್ರೋಲ್ ಜೀಪಿಗೆ ಡೀಸೆಲ್ ಕೂರಿಸಿದ್ದಾರೆ, ತಗೊಳ್ಳುವಾಗ ಆರ್‌ಸಿಯಲ್ಲಿ ಫ್ಯೂಯೆಲ್ ಏನಂತ ಉಂಟು ಅಂತ ಓದಿ, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನವರು ಹಿಡಿಯೋದು ಅದನ್ನೇ.

ಕಾನೂನು ಬಿಡಿ, ನನ್ನ ಕೇಳಿದ್ರೆ ಸ್ಟ್ಯಾಂಡರ್ಡ್ ಜೀಪೇ ತೋಟಕ್ಕೆ ಚಂದ. 6.00-16ರ ಸಪೂರ ಟಯರ್ ಕೆಸರನ್ನ ಕತ್ತರಿಸಿ ಅಡಿಗೆ ಗಟ್ಟಿ ನೆಲ ಹುಡುಕ್ತದೆ, ಅಗಲ ಟಯರ್ ನಮ್ಮ ಜೇಡಿ ಮಣ್ಣಲ್ಲಿ ಮೇಲೆ ಮೇಲೆ ಜಾರ್ತದೆ. ಕಾಫಿ ಗಿಡದ ಸಾಲಲ್ಲಿ ತಿರುಗಿಸೋಕೂ ಸುಲಭ.

ಪಂಜಾಬಲ್ಲಿ ಹೊಸ ಥರದ ಹಳೆ ಜೀಪ್ ಕಮ್ಮಿಗೆ ಸಿಗ್ತದಂತೆ?

ಪಂಜಾಬ್ ಗಡಿಗೆ ಅಂಟಿರೋ ಹರಿಯಾಣದ ಮಂಡಿ ಡಬ್ವಾಲಿ ಕಡೆ ಬಾಡಿ ಕಟ್ಟೋರು ತುಂಬ ಜನ ಇದ್ದಾರೆ, ಬರೀ ಬಾಡಿ ತಗಡು ತರಿಸೋದಾದ್ರೆ ಸರಿ. ಪೂರ್ತಿ ಗಾಡಿ ಅಂದ್ರೆ ಚಾಸಿ ಹೊಸದು, ನಂಬರ್ ಇನ್ಯಾವುದೋ ಗಾಡಿದ್ದು ಇರೋ ಚಾನ್ಸ್ ಉಂಟು. ಮಡಿಕೇರಿ ಆರ್‌ಟಿಒಗೆ ಕೆಎ-12 ಮಾಡಿಸೋಕೆ ತಗೊಂಡು ಹೋದಾಗ ಗೊತ್ತಾಗಿ ಏನು ಪ್ರಯೋಜನ.

ಪೇಪರ್ ವಿಷ್ಯ: 15 ವರ್ಷ ದಾಟಿದ ಗಾಡಿ ಇಟ್ಕೋಬೋದಾ?

ಇಟ್ಕೋಬೋದು. 10, 15 ವರ್ಷಕ್ಕೆ ಬ್ಯಾನ್ ಅಂತ ಕೇಳ್ತೀರಲ್ಲ, ಅದು ದೆಹಲಿ ಕಡೆಯ ಗಲಾಟೆ. ಇಲ್ಲಿ 15 ವರ್ಷ ಆದ್ಮೇಲೆ ಫಾರಂ 25ರಲ್ಲಿ ಅರ್ಜಿ ಹಾಕಿ, ಗಾಡಿ ತೋರಿಸಿ, ಐದೈದು ವರ್ಷಕ್ಕೆ ರಿನ್ಯೂವಲ್ ಮಾಡಿಸ್ಬೇಕು, ಗ್ರೀನ್ ಟ್ಯಾಕ್ಸ್ ಬೇರೆ. ಕಾರು ಜೀಪಿಗೆ ರಿನ್ಯೂವಲ್ ಫೀಸ್ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯ್ತು, 20 ವರ್ಷ ದಾಟಿದವಕ್ಕೆ 2025ರ ಆಗಸ್ಟಲ್ಲಿ 10,000 ಮಾಡಿದ್ದಾರೆ. ಬ್ರೇಕು, ಲೈಟು, ಹಾರ್ನ್ ಸರಿ ಮಾಡ್ಕೊಂಡೇ ಹೋಗಿ.

50 ವರ್ಷ ದಾಟಿದ್ರೆ ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸೋ ರೂಲ್ 2021ರಲ್ಲಿ ಬಂತು. ನಂಬರಲ್ಲಿ ವಿಎ ಅಂತ ಬರ್ತದೆ, ಹೊಸ ರಿಜಿಸ್ಟ್ರೇಷನ್‌ಗೆ 20,000 ರೂಪಾಯಿ, ಹತ್ತು ವರ್ಷ ನಡೀತದೆ. ಆದ್ರೆ ಆ ಗಾಡಿ ದಿನಾ ಓಡಿಸೋ ಹಾಗಿಲ್ಲ, ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕ್ಸೋಕೆ ಮಾತ್ರ. ಗೋಣಿಕೊಪ್ಪ ಸಂತೆಗೆ ಹೋಗೋ ಗಾಡಿಗೆ ವಿಂಟೇಜ್ ಮಾಡಿಸ್ಬೇಡಿ.

ಪಾರ್ಟ್ಸ್ ಎಲ್ಲಿ ಸಿಗ್ತದೆ?

ಮಾಮೂಲಿ ಬೇರಿಂಗ್, ಸೀಲ್, ಬ್ರೇಕ್ ಸಾಮಾನು ಮೈಸೂರಲ್ಲೇ ಸಿಗ್ತದೆ. ಸಿಗದಿದ್ದಕ್ಕೆ ಬೆಂಗಳೂರು ಜೆಸಿ ರೋಡ್, ಹಳೆ ಒರಿಜಿನಲ್ ಬೇಕಂದ್ರೆ ಶಿವಾಜಿನಗರ ಗುಜರಿ. ದೆಹಲಿ ಕಾಶ್ಮೀರಿ ಗೇಟ್‌ನಿಂದ ಕೊರಿಯರಲ್ಲೂ ತರಿಸ್ತಾರೆ. ಬೇರಿಂಗ್, ಆಯಿಲ್ ಸೀಲ್ ಹಳೇದ್ರ ಮೇಲಿನ ನಂಬರ್ ಓದಿ ಕೇಳಿ, ಜೀಪಿಂದು ಕೊಡಿ ಅಂದ್ರೆ ಯಾವುದೋ ಒಂದು ಕೊಡ್ತಾರೆ. ಹಳೆ ಪಾರ್ಟ್ ಹೊಸದು ಕೈಗೆ ಬರೋವರೆಗೂ ಬಿಸಾಕ್ಬೇಡಿ.

ಯಾವ ಕೆಲ್ಸ ಹೊರಗೆ ಕೊಡ್ಬೇಕು?

ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್, ಎಫ್‌ಐ ಪಂಪ್, ರೇಡಿಯೇಟರ್ ಕೋರ್, ಕ್ರೌನ್ ಪಿನಿಯನ್ ಸೆಟ್ಟಿಂಗ್. ಮಿಕ್ಕಿದ್ದು ಮನೆಯಲ್ಲೇ ಆಗ್ತದೆ. ಊರಲ್ಲಿ ವಯಸ್ಸಾದ ಜೀಪ್ ಮೇಸ್ತ್ರಿ ಯಾರಾದ್ರೂ ಇದ್ರೆ ಒಂದಿನ ಕರ್ಕೊಂಡು ಬಂದು ಊಟ ಹಾಕಿ ಪಕ್ಕದಲ್ಲಿ ಕೂರಿಸ್ಕೊಂಡು ಕೆಲ್ಸ ಮಾಡಿ, ಅವ್ರು ಸದ್ದು ಕೇಳಿಯೇ ಹೇಳ್ತಾರೆ. ಈಗಿನ ಹುಡುಗ್ರಿಗೆ ಡಿಸ್ಟ್ರಿಬ್ಯೂಟರ್ ಪಾಯಿಂಟ್ ಗ್ಯಾಪ್ 20 ಥೌ ಇಡೋದು ಅಂದ್ರೆ ಏನಂತಲೇ ಗೊತ್ತಿಲ್ಲ, ಸ್ಕ್ಯಾನರ್ ಎಲ್ಲಿ ಚುಚ್ಚೋದು ಅಂತ ಹುಡುಕ್ತಾರೆ.

ಹೊಳೆ ದಾಟಿಸಿದ ಮೇಲೆ ಏನ್ ನೋಡ್ಬೇಕು?

ಮಾಂದಲಪಟ್ಟಿ ಹತ್ತಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದ್ರೆ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಂದ ನೀರನ್ನ ಒಳಗೆ ಎಳೀತದೆ. ಹೌಸಿಂಗ್ ಮೇಲಿನ ಬ್ರೀದರ್ (ಗಾಳಿ ಆಡೋ ತೂತು) ಮಣ್ಣು ಕಟ್ಟಿ ಮುಚ್ಚಿದ್ರೆ ಇನ್ನೂ ಜೋರಾಗಿ. ಬ್ರೀದರಿಗೆ ಉದ್ದ ಪೈಪ್ ಹಾಕಿ ಮೇಲಕ್ಕೆ ತನ್ನಿ. ದಾಟಿದ ಮೇಲೆ ಬ್ರೇಕ್ ಒತ್ತಿ ಒತ್ತಿ ಲೈನಿಂಗ್ ಒಣಗಿಸಿ. ಮನೆಗೆ ಬಂದು ಡ್ರೇನ್ ಪ್ಲಗ್ ಸ್ವಲ್ಪ ಸಡಿಲ ಮಾಡಿ, ನೀರಿದ್ರೆ ಮೊದ್ಲು ಅದೇ ಬರ್ತದೆ, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದಿದ್ರೆ ಪೂರ್ತಿ ಬದಲಾಯಿಸಿ. ಮುಂದಿನ ಚಕ್ರ ತಿರುಗೋ ಜಾಯಿಂಟ್ (ಸ್ಟೀರಿಂಗ್ ನಕಲ್) ಒಳಗೂ ಇದೇ ಕಥೆ, ಅಲ್ಲಿನ ಫೆಲ್ಟ್ ಸೀಲ್ ಸವೆದಿದ್ರೆ ಗ್ರೀಸ್ ಜಾಗದಲ್ಲಿ ಕೆಸರು ಇರ್ತದೆ. ಕೆಳಗೆ ಮಲಗೋ ಮುಂಚೆ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಕೊಳ್ಳಿ, ಜಿಗಣೆ ಹತ್ತಲ್ಲ.

ಆಯುಧ ಪೂಜೆಗೆ ಪ್ರೆಶರ್ ವಾಶ್ ಹೊಡೆಸ್ಬೋದಾ?

ಹೊಡೆಸಿ, ಆದ್ರೆ ಡಿಸ್ಟ್ರಿಬ್ಯೂಟರ್, ಡೈನಮೋ, ಏರ್ ಕ್ಲೀನರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಹಬ್ಬು, ಕ್ರಾಸು, ಬ್ರೀದರ್ ಹತ್ರ ನಳಿಕೆ ದೂರ ಹಿಡಿಯೋಕೆ ಹೇಳಿ. ವಾಶ್ ಆದ್ಮೇಲೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ, ಅದೇ ದಿನ ಎಲ್ಲ ನಿಪ್ಪಲಿಗೂ ಹಳೆ ಗ್ರೀಸ್ ಹೊರಗೆ ಬರೋವರೆಗೂ ಹೊಸ ಗ್ರೀಸ್ ಹೊಡೀರಿ. ಹೂವು ಆಮೇಲೆ ಹಾಕಿ. ಚಾಸಿ ಸಂದಿಗೆ ಬಿದ್ದ ಕುಂಬಳಕಾಯಿ ಚೂರು ಕುಂಕುಮ ಎಲ್ಲ ಮಾರನೇ ದಿನವೇ ತೊಳೀರಿ, ಅದೂ ತೇವ ಹಿಡ್ಕೊಳ್ತದೆ.